ಪದದ ಜೊತೆ ಅದರ ವಾಕ್ಯವೂ ಇರಲಿ

ನೋಡಮ್ಮಾ, ವಿಚಿತ್ರವಾದ, ಕೇಳಿದರೆ ನಗು ಬರುವ ಇಂಗ್ಲಿಷ್ ಪದಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೀಯೆಂದು ನಿಮ್ಮಮ್ಮ ಹೇಳಿದಳು. ಒಳ್ಳೆಯ ಗೀಳು, ಬಿಡಬೇಡ. ಆದರೆ ಪದ, ಅದರ ಮುಂದೆ ಅರ್ಥ, ಇಷ್ಟಕ್ಕೇ ನಿಲ್ಲಿಸಬೇಡ. ಯಾವ ಪುಸ್ತಕದಲ್ಲಿ ಸಿಕ್ಕಿತು, ಎಷ್ಟನೇ ಪುಟ, ಯಾವ ವರ್ಷದ್ದು, ಪೂರ್ತಿ ವಾಕ್ಯವೇನು, ಅದನ್ನೂ ಬರೆ.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಬೆಳೆದದ್ದೇ ಹೀಗೆ. ಅದರ ಸಂಪಾದಕ ಜೇಮ್ಸ್ ಮರ್ರೆ 1879ರಲ್ಲಿ ಇಂಗ್ಲಿಷ್ ಓದುವವರಿಗೆಲ್ಲ ಒಂದು ಮನವಿ ಮಾಡಿಕೊಂಡರು. ಓದುವಾಗ ಗಮನ ಸೆಳೆದ ಪದವನ್ನು ಚೀಟಿಯಲ್ಲಿ ಬರೆದು ಕಳಿಸಬೇಕು. ಎಡಮೂಲೆಯಲ್ಲಿ ಪದ, ಅದರ ಕೆಳಗೆ ವರ್ಷ, ಲೇಖಕ, ಕೃತಿ, ಪುಟ, ಆಮೇಲೆ ವಾಕ್ಯ. ಲಕ್ಷಗಟ್ಟಲೆ ಚೀಟಿ ಬಂದು ಬಿದ್ದವು. ಕಳಿಸಿದವರಲ್ಲಿ ವಿಲಿಯಂ ಮೈನರ್ ಒಬ್ಬರು. ಅಮೆರಿಕದ ಸೇನೆಯಲ್ಲಿ ವೈದ್ಯರಾಗಿದ್ದವರು, ಬುದ್ಧಿ ಸ್ವಾಧೀನ ತಪ್ಪಿ ಲಂಡನ್ನಿನಲ್ಲಿ ಒಬ್ಬನನ್ನು ಗುಂಡಿಟ್ಟು ಕೊಂದು, ಬ್ರಾಡ್‌ಮೂರ್ ಆಸ್ಪತ್ರೆಯಲ್ಲಿ ಬಂಧಿಯಾಗಿದ್ದರು. ಆ ಕೋಣೆಯಲ್ಲೇ ಕೂತು ಹಳೆಯ ಪುಸ್ತಕಗಳನ್ನು ಓದಿ ಸಾವಿರಾರು ಉಲ್ಲೇಖ ಕಳಿಸಿದರು. ಅವರ ಬದುಕನ್ನು ನೆನೆದರೆ ನನಗೆ ಈಗಲೂ ಸಂಕಟ, ಗೌರವ ಎರಡೂ ಒಟ್ಟಿಗೇ ಆಗುತ್ತವೆ. ನಿಘಂಟಿನ ಮೊದಲ ಆವೃತ್ತಿ ಮುಗಿದದ್ದು 1928ರಲ್ಲಿ. ಮರ್ರೆ 1915ರಲ್ಲೇ ತೀರಿಕೊಂಡಿದ್ದರು.

ವಾಕ್ಯ ಯಾಕೆ ಬೇಕು ಎಂದು ನೀನು ಕೇಳಬಹುದು. ಅಮೆರಿಕದ ವೆಬ್‌ಸ್ಟರ್ ನಿಘಂಟಿನ 1934ರ ಆವೃತ್ತಿಯಲ್ಲಿ ‘ಡಾರ್ಡ್’ ಎಂಬ ಪದವಿತ್ತು, ಅರ್ಥ ಸಾಂದ್ರತೆ. ಅಂಥ ಪದವೇ ಇರಲಿಲ್ಲ! ಸಾಂದ್ರತೆಯನ್ನು ದೊಡ್ಡ ‘ಡಿ’ ಅಥವಾ ಸಣ್ಣ ‘ಡಿ’ ಎಂದು ಸೂಚಿಸಬಹುದೆಂದು ಯಾರೋ ಚೀಟಿ ಬರೆದಿದ್ದರು. ಆ ಎರಡು ‘ಡಿ’ಗಳ ನಡುವೆ ‘ಅಥವಾ’ ಎಂಬರ್ಥದ ಇಂಗ್ಲಿಷಿನ ‘ಆರ್’ ಕೂಡಿಕೊಂಡು ಹೊಸ ಪದವೇ ಹುಟ್ಟಿಬಿಟ್ಟಿತು. 1939ರಲ್ಲಿ ಒಬ್ಬ ಸಂಪಾದಕರು ಈ ಪದಕ್ಕೆ ಮೂಲವನ್ನೇ ಕೊಟ್ಟಿಲ್ಲವಲ್ಲ ಎಂದು ಅನುಮಾನಪಟ್ಟಾಗ ಗುಟ್ಟು ಹೊರಬಿತ್ತು. ಅದನ್ನು ಬಳಸಿದ ಒಂದು ವಾಕ್ಯವನ್ನು ಯಾರಾದರೂ ಕೇಳಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಇವತ್ತು ಮೊಬೈಲಿನಲ್ಲಿ ಹರಿದಾಡುವ ‘ಅಪರೂಪದ ಪದ’ಗಳ ಪಟ್ಟಿಗಳನ್ನೂ ಹೀಗೇ ಪರೀಕ್ಷಿಸು.

ಉದ್ದದ ಪದಗಳ ಬೆನ್ನು ಹತ್ತಬೇಡ. ‘ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್’ ಇಂಗ್ಲಿಷಿನಲ್ಲಿ 29 ಅಕ್ಷರ, ಏನನ್ನಾದರೂ ಕೆಲಸಕ್ಕೆ ಬಾರದ್ದೆಂದು ತಳ್ಳಿಹಾಕುವುದು ಅದರ ಅರ್ಥ. ಒಂದು ಸಲ ನಕ್ಕು ಮುಂದೆ ಹೋಗು. ಅದಕ್ಕಿಂತ ‘ಗೆರ್ರಿಮ್ಯಾಂಡರ್’ ನೋಡು. 1812ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಎಲ್‌ಬ್ರಿಜ್ ಗೆರ್ರಿ ತಮ್ಮ ಪಕ್ಷಕ್ಕೆ ಅನುಕೂಲವಾಗುವಂತೆ ಕ್ಷೇತ್ರಗಳ ಗಡಿ ಎಳೆಯುವ ಮಸೂದೆಗೆ ಸಹಿ ಹಾಕಿದರು. ಒಂದು ಕ್ಷೇತ್ರ ಸ್ಯಾಲಮ್ಯಾಂಡರ್ ಪ್ರಾಣಿಯ ಆಕಾರಕ್ಕೆ ಬಂತು, ಗವರ್ನರರ ಹೆಸರು ಅದಕ್ಕೆ ಅಂಟಿಕೊಂಡಿತು. ನಗುವಿನ ಹಿಂದೆ ಒಂದು ಚುನಾವಣೆಯ ಚರಿತ್ರೆಯೇ ಇದೆ.

ಮೊದಲು ಯಾವ ಪುಸ್ತಕ ಓದಲಿ ಎಂದರೆ, ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಅವರ ‘ಹಾಬ್ಸನ್-ಜಾಬ್ಸನ್’. 1886ರದ್ದು. ನಮ್ಮ ದೇಶದಲ್ಲಿ ಇಂಗ್ಲಿಷರ ನಾಲಿಗೆಗೆ ಹತ್ತಿದ ಪದಗಳೆಲ್ಲ ಅಲ್ಲಿವೆ. ಪದಗಳ ಕೆಳಗೆ, ಯಾವ ವರ್ಷ ಯಾರು ಹೇಗೆ ಬಳಸಿದರು ಎಂಬ ಉಲ್ಲೇಖಗಳ ಸಾಲು. ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದವರು. ಅದರಲ್ಲಿ ‘ಅರೆಕಾ’ ತೆಗೆದು ನೋಡು. ಪೋರ್ಚುಗೀಸರು ನಮ್ಮ ಕರಾವಳಿಯಿಂದ ಹೊತ್ತೊಯ್ದ ಪದ, ನಮ್ಮ ಅಡಿಕೆಗೆ, ಮಲಯಾಳದ ಅಡಕ್ಕಕ್ಕೆ ನೆಂಟ. ನಿನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೊಂದು ಪುಟ ಬಿಡು, ಮೂರು ನಾಲ್ಕು ಉಲ್ಲೇಖಗಳನ್ನು ವರ್ಷದ ಸಮೇತ ಇಳಿಸಿಕೋ.