ಮೊದಲು ನೀರಿಗೆ ದಾರಿ, ಆಮೇಲೆ ಮರ

ಅಪ್ಪೀ, ಬೆಂಗಳೂರಿನ ಕೆಲಸವನ್ನು ಮನೆಗೇ ತಂದುಕೊಂಡು ಇಕ್ಕೇರಿಗೆ ವಾಪಸಾದವನು ಹಿತ್ತಿಲಲ್ಲಿ ಮರದ ಕಟ್ಟಿನ ತರಕಾರಿ ಮಡಿ ಮಾಡುತ್ತೇನೆ ಎಂದೆಯಲ್ಲ, ಕೇಳಿ ಬಹಳ ಸಂತೋಷವಾಯಿತು. ಮಾಡು. ಆದರೆ ಮೊಬೈಲಿನಲ್ಲಿ ನೋಡಿದ್ದನ್ನು ನೋಡಿದ ಹಾಗೇ ಮಾಡಬೇಡ. ಅದು ನೀರು ಹಿಡಿದಿಡಬೇಕಾದ ಊರಿನವರ ಲೆಕ್ಕ. ನಮ್ಮದು ನೀರು ಬಿಟ್ಟುಕೊಡಬೇಕಾದ ಸೀಮೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಇಕ್ಕೇರಿಯಲ್ಲಿ ಅಷ್ಟಿಲ್ಲ ನಿಜ, ಆದರೂ ಆರಿದ್ರಾ, ಪುನರ್ವಸು ಹಿಡಿದು ಹೊಯ್ದರೆ ಬದನೆ ಬೇರು ಕೊಳೆಯಲು ಹೆಚ್ಚು ದಿನ ಬೇಡ. ಹಿರಿಯರು ಅಡಿಕೆ ತೋಟದಲ್ಲಿ ಬರಣ ಎತ್ತರಿಸಿ ನಡುವೆ ಕಾದಿಗೆ ತೋಡಿದ್ದು ಇದಕ್ಕೇ. ನೀನೂ ಮೊದಲು ಮಡಿಯ ಸುತ್ತ ಕಾಲುವೆ ತೋಡು.

ಅಗಲ ನಾಲ್ಕಡಿ ಮೀರದಿರಲಿ, ಎರಡೂ ಕಡೆಯಿಂದ ಕೈ ನಡುವಿಗೆ ಎಟುಕಬೇಕು. ಎತ್ತರ ಒಂದಡಿ ಸಾಕು.

ಹಳೇಮನೆ ಬಿಚ್ಚಿದ ಹೊನ್ನೆ, ಮತ್ತಿ ತೊಲೆ ಅಟ್ಟದಲ್ಲಿದೆ ಎಂದು ಅದನ್ನು ಮಣ್ಣಿಗೆ ಹಾಕಬೇಡ, ಇನ್ನೊಂದು ಮನೆಗೆ ಒದಗುವ ಮರ ಅದು. ಬೆಟ್ಟದ ಮರಕ್ಕೂ ಅರಣ್ಯ ಇಲಾಖೆಯನ್ನು ಕೇಳದೆ ಕೊಡಲಿ ಹಾಕಬಾರದು. ಅಡಿಕೆ ದಬ್ಬೆ ಚಪ್ಪರಕ್ಕೆ ಸರಿ, ಹಸಿ ಮಣ್ಣಿಗೆ ತಾಗಿದರೆ ಬಾಳುವುದಿಲ್ಲ. ಸಾಮಿಲ್‌ನಲ್ಲಿ ಅಕೇಶಿಯಾ ಕೇಳು. ತೊಗಟೆ ಪೂರ್ತಿ ಸುಲಿಸು, ಬಿಳಿ ತೆಗೆಸಿ ಚೇಗು ಮಾತ್ರ ತಾ. ಗೆದ್ದಲು ಮೊದಲು ಬಾಯಿ ಹಾಕುವುದು ಬಿಳಿಗೆ.

ಅಡಿಯ ತುಂಡನ್ನು ನೆಲಕ್ಕೆ ತಾಗಿಸದೆ ಅಲ್ಲಲ್ಲಿ ಜಂಬಿಟ್ಟಿಗೆ ಚೂರಿಟ್ಟು ಕೂರಿಸು. ಸಂದಿಗೆ ಜಲ್ಲಿ ತುಂಬು, ನೀರು ಹೋಗುತ್ತದೆ, ಮಣ್ಣು ನಿಲ್ಲುತ್ತದೆ. ಹೊರಗಿನಿಂದ ಗೆದ್ದಲು ಹತ್ತಿದರೆ ಕಲ್ಲಿನ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಏಳುತ್ತದೆ, ಕಂಡ ದಿನವೇ ಕೆರೆದು ಹಾಕು. ಮೂಲೆಯಲ್ಲಿ ಎರಡೂ ತುಂಡಿಗೆ ಅರ್ಧರ್ಧ ಕಚ್ಚು ಹಾಕಿ ಒಂದರ ಮೇಲೊಂದು ಕೂರಿಸಿ ಉದ್ದ ಮೊಳೆ ಹೊಡೆ. ನೆನೆದ ಮಣ್ಣು ಹೊರಕ್ಕೆ ನೂಕುವುದರಿಂದ ತುಂಡುಗಳಿಗೆ ಆನಿಸಿ ಹೊಡೆಯುವ ಗೂಟಗಳು ಹೊರಮೈಗೇ ಇರಬೇಕು. ಬೇಲಿ ಕಂಬಕ್ಕೆ ಬಳಿಯುವ ವೇಸ್ಟ್ ಆಯಿಲ್ ಇಲ್ಲಿ ಖಂಡಿತ ಬೇಡ, ಅದು ಮಣ್ಣಿಗೆ ಇಳಿಯುತ್ತದೆ. ಈ ಮರ ಕೆಲವು ಮಳೆಗಾಲಕ್ಕೆ ಸೋತರೆ ಸೋಲಲಿ, ಬದಲಾಯಿಸು. ನೀನು ತಿನ್ನುವ ಹರಿವೆಗಿಂತ ಮರ ಹೆಚ್ಚಲ್ಲ.

ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡ. ಮಡಿ ತುಂಬಲೆಂದು ಬೇಸಿಗೆಯಲ್ಲಿ ಕಾಡಿನ ದರಕು ಗುಡಿಸಿ ತರಬೇಡ. ಮಂಗನ ಕಾಯಿಲೆಯ ಉಣುಗು ಇರುವುದು ಆ ತರಗೆಲೆಯಲ್ಲೇ. 2018-19ರಲ್ಲಿ ಅರಳಗೋಡಿನಲ್ಲಿ ಅದರಿಂದ ಜನ ಸತ್ತರು, ಅದು ನಮ್ಮದೇ ಸಾಗರ ತಾಲ್ಲೂಕು. ನಿಮ್ಮ ಮನೆಯ ಅಡಿಕೆ ಸಿಪ್ಪೆ, ಬೇಲಿಯ ಗೊಬ್ಬರದ ಗಿಡದ ಹಸಿ ಸೊಪ್ಪು ಕೆಳಗೆ ಹಾಕು. ಮೇಲೆ ಕೊಟ್ಟಿಗೆ ಗೊಬ್ಬರ, ಮಣ್ಣು.

ರೋಹಿಣಿ ಮಳೆಯೊಳಗೆ ಕೆಲಸ ಮುಗಿಯಲಿ. ಮೊದಲ ಜೋರು ಮಳೆಗೆ ಕಂಬಳಿಕೊಪ್ಪೆ ಹಾಕಿಕೊಂಡು ಹೋಗಿ ಕಾಲುವೆಯಲ್ಲಿ ನೀರು ಎಲ್ಲಿ ನಿಲ್ಲುತ್ತದೆ ನೋಡು. ನಿಂತಲ್ಲಿ ಆಗಲೇ ಗುದ್ದಲಿ ಹಾಕು.