ಗಾಲಿ ಕುರ್ಚಿಗೂ ದಾರಿ, ಚಿಟ್ಟೆಗೂ ಜಾಗ

ಪ್ರಶ್ನೆ: ತೋಟಗಾರಿಕೆ ಕೆಲಸದಿಂದ ನಿವೃತ್ತನಾಗಿ ಬಳಿಚಕ್ರ ಗ್ರಾಮದಲ್ಲಿದ್ದೇನೆ. ಗಾಲಿ ಕುರ್ಚಿಯಲ್ಲಿರುವ ಅವ್ವ ಓಡಾಡುವಂಥ, ಹಕ್ಕಿ-ಚಿಟ್ಟೆ ಬರುವಂಥ ಕೈತೋಟ ಹೇಗೆ ಮಾಡಲಿ?

ಉತ್ತರ: ಗಿಡ ನಿಮಗೆ ಗೊತ್ತು, ಮೊದಲು ದಾರಿ ನೋಡಿ. ಅಗಲ 120 ಸೆಂ.ಮೀ., ತಿರುಗುವಲ್ಲಿ 150. ಇಳಿಜಾರು 12 ಅಡಿಗೆ 1 ಅಡಿ ಮೀರಬಾರದು. ಎರಿ ಮಣ್ಣಾದರೆ ಬೇಸಿಗೆಗೆ ಬಿರಿದು, ಮಳೆಗೆ ಉಬ್ಬಿ ಹಾಸುಗಲ್ಲು ಏಳುತ್ತವೆ. ಮಣ್ಣು ತೆಗೆದು ಗರಸು ತುಂಬಿ ದಮ್ಮಸ್ಸು ಮಾಡಿ, ಮೇಲೆ ಒರಟು ಶಹಾಬಾದ್ ಕಲ್ಲು ಹಾಸಿ. ನಯಗೊಳಿಸಿದ್ದು ಜಾರುತ್ತದೆ.

ಕರಿಬೇವು, ನಿಂಬೆಯಲ್ಲಿ ನಿಂಬೆ ಚಿಟ್ಟೆ ಮೊಟ್ಟೆಯಿಡುತ್ತದೆ. ಅದರ ಹುಳು ಎಲೆ ತಿಂದರೆ ಎಣ್ಣೆ ಹೊಡೆಯಬೇಡಿ. ಹಳೇ ಕೈ ತುರಿಸುತ್ತದೆ, ತಡೆಯಿರಿ! ಚಿಟ್ಟೆಗಾಗಿ ನೆಡುವ ಎಕ್ಕ ಬೇಲಿಯಂಚಿಗಿರಲಿ, ಅದರ ಹಾಲು ಕಣ್ಣಿಗೆ ಅಪಾಯ. ಹಕ್ಕಿಗೆ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳು ನೀರಿಟ್ಟು, ನಿತ್ಯ ಬದಲಿಸಿ. ಕಟ್ಟಿಗೆ ರಾಶಿಯಲ್ಲಿ ಹಾವು ಸೇರಬಹುದು, ದಾರಿಯಿಂದ ದೂರವಿಡಿ. ಹಾವು ಕಚ್ಚಿದರೆ ಸೀದಾ ಆಸ್ಪತ್ರೆಗೆ.

ಅವ್ವನ ಕೈಗೆಟಕುವ ಗಿಡದ ಕಟ್ಟೆಯ ಎತ್ತರವನ್ನು ಫಿಸಿಯೋಥೆರಪಿಸ್ಟ್ ಅವರಿಂದ ಅಳೆಸಿ. ಮಣ್ಣಿನ ವಿಚಾರಕ್ಕೆ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರವಿದೆ.