ಹಳೆಯ ರೇವಾದ ಮೋಟಾರನ್ನು ಬೈಯುವ ಮುನ್ನ

ಬೆಂಗಳೂರಿನ ಹೆಬ್ಬಾಳ ಮೇಲ್ಸೇತುವೆ ಏರುವಾಗ ಹಳೆಯ ರೇವಾ ವಿದ್ಯುತ್ ಕಾರು ಏದುಸಿರು ಬಿಟ್ಟರೆ ಎಲ್ಲರೂ ಮೊದಲು ಬೈಯುವುದು ಮೋಟಾರನ್ನು. 'ಡಿಸಿ ಮೋಟಾರು, ಪಿಕಪ್ ಇಲ್ಲ, ಎಸಿಗೆ ಬದಲಿಸಿ' ಎಂಬ ಸಲಹೆ ಪುಕ್ಕಟೆ ಸಿಗುತ್ತದೆ. ಇಂಥ ಗಾಡಿಗಳ ಒಡನಾಟದಲ್ಲಿ ನಾನು ಕಂಡುಕೊಂಡಂತೆ, ಮೊದಲು ಅನುಮಾನಿಸಬೇಕಾದದ್ದು ಮೋಟಾರಿಗೆ ಕರೆಂಟ್ ಅಳೆದು ಕೊಡುವ ಕಂಟ್ರೋಲರನ್ನು, ಅದರ ಕೇಬಲುಗಳನ್ನು. 2001ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂದ ರೇವಾದಲ್ಲಿದ್ದದ್ದು 6 ವೋಲ್ಟಿನ 8 ಬ್ಯಾಟರಿ, ಅಂದರೆ 48 ವೋಲ್ಟ್; ಮೋಟಾರಿನ ಗರಿಷ್ಠ ಶಕ್ತಿ 13 ಕಿಲೋವಾಟ್. ಅಷ್ಟು ಶಕ್ತಿ ಬೇಕೆಂದರೆ 270 ಆಂಪಿಯರ್ ಹರಿಯಬೇಕು. ಕೇಬಲಿನ ತುದಿಯ ಸಡಿಲವಾದ ಒಂದು ಲಗ್‌ನಲ್ಲಿ ಒಂದೇ ಮಿಲಿಓಮ್ ರೋಧವಿದ್ದರೂ ಅಲ್ಲಿ 70 ವಾಟಿಗಿಂತ ಹೆಚ್ಚು ಶಾಖ ಹುಟ್ಟುತ್ತದೆ. ಕಂಟ್ರೋಲರ್ ಕಾದರಂತೂ ಸುಟ್ಟುಹೋಗದಿರಲೆಂದು ತಾನೇ ಕರೆಂಟ್ ಇಳಿಸುತ್ತದೆ, ಅದರ ಬೆನ್ನಿಗೇ ಟಾರ್ಕ್ ಇಳಿಯುತ್ತದೆ. ಸ್ಟಿಯರಿಂಗ್ ಹಿಡಿದವರಿಗೆ ಮಾತ್ರ ಮೋಟಾರೇ ಸೋತಂತೆ ಕಾಣುತ್ತದೆ.

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ 36 ವೋಲ್ಟಿನ 'ಎಲೆಕ್-ಟ್ರಾಕ್' ತೋಟದ ಟ್ರಾಕ್ಟರುಗಳ ಕತೆಯೂ ಇದೇ. 1970ರ ದಶಕದ ಆ ಯಂತ್ರಗಳಲ್ಲಿ ರಿಲೇ, ರೆಸಿಸ್ಟರುಗಳ ಮೂಲಕ ವೇಗ ಹಂತಹಂತವಾಗಿ ಏರುತ್ತಿತ್ತು. ಒಂದಿಷ್ಟು ಬ್ಯಾಟರಿ ಬರೀ ಶಾಖವಾಗಿ ಪೋಲು. ಅವನ್ನು ಇಂದಿಗೂ ಓಡಿಸುವ ಹವ್ಯಾಸಿಗಳಲ್ಲಿ ಹಲವರು ಹಳೆಯ ಮೋಟಾರನ್ನೇ ಉಳಿಸಿಕೊಂಡು ಎಲೆಕ್ಟ್ರಾನಿಕ್ ಕಂಟ್ರೋಲರ್ ಕೂರಿಸುತ್ತಾರೆ.

ಹಾಗಿದ್ದರೆ 2007ರ ರೇವಾ-ಐಗೆ ಕಂಪನಿಯೇ ಎಸಿ ಇಂಡಕ್ಷನ್ ಮೋಟಾರು ಹಾಕಿದ್ದೇಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬ್ರಷ್ ಸವೆಯುವ ತಾಪತ್ರಯ ಅದರಿಂದ ತಪ್ಪಿತು, ಎಳೆತವೂ ಹೆಚ್ಚಿತು. ಆದರೆ ಅಲ್ಲಿ ಮೋಟಾರು, ಕಂಟ್ರೋಲರ್ ಎರಡೂ ಜೋಡಿಯಾಗಿ ಬದಲಾದವು. ಹಳೆ ಕಾರಿಗೆ ಎಸಿ ಮೋಟಾರೊಂದನ್ನೇ ತಂದರೆ ಅದು ತಿರುಗುವುದೂ ಇಲ್ಲ. ಅದರದೇ ಕಂಟ್ರೋಲರ್, ವೇಗದ ಸೆನ್ಸರ್, ಹೊಸ ವೈರಿಂಗ್ ಎಲ್ಲವೂ ಬೇಕು. ಹಳೆಯ ಡಿಸಿ ಬ್ರಷ್ ಮೋಟಾರಿನ ಕಾಯಿಲೆಯಾದರೋ ಕಣ್ಣಿಗೆ ಕಾಣುವಂಥದ್ದು. ಬ್ರಷ್ ಉಜ್ಜುವ ಕಮ್ಯುಟೇಟರ್ ಮೇಲೆ ಚಾಕೊಲೇಟ್ ಬಣ್ಣದ ನುಣುಪು ಪದರವಿದ್ದರೆ ಆರೋಗ್ಯ ಚೆನ್ನಾಗಿದೆ ಎಂದರ್ಥ. ಅದರ ಪಟ್ಟಿಗಳು ಸುಟ್ಟು ಕಪ್ಪಾಗಿದ್ದರೆ ಲೇತ್‌ಗೆ ಕೊಟ್ಟು ಸವರಿಸಬೇಕು. ಈ ಕೆಲಸ ಬಲ್ಲ ಕೈಗಳು ಯಶವಂತಪುರ, ಪೀಣ್ಯದ ಕಡೆ ಇನ್ನೂ ಇವೆ. ಸೀಲ್ ಮಾಡಿದ ಕಂಟ್ರೋಲರ್ ಕೆಟ್ಟರೆ ಬಿಚ್ಚಿ ನೋಡುವವರೇ ಅಪರೂಪ.

ಲಿಥಿಯಂ ಬ್ಯಾಟರಿ ಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ತೂಕ ಇಳಿಯುವುದು ನಿಜ. ಆದರೆ ಸರಣಿಯಾಗಿ ಜೋಡಿಸಿದ 16 ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲುಗಳು ಪೂರ್ತಿ ಚಾರ್ಜಾದಾಗ 58 ವೋಲ್ಟ್ ದಾಟುತ್ತವೆ. ಹಳೆಯ ಕಂಟ್ರೋಲರ್ ಅದನ್ನು ತಡೆದೀತೇ ಎಂದು ಮೊದಲೇ ನೋಡಿಕೊಳ್ಳಬೇಕು. ಹೊಸ ಮೋಟಾರಿಗೆ ಅಡ್ವಾನ್ಸ್ ಕೊಡುವ ಮುನ್ನ, ಗಾಡಿ ಏರಿನಲ್ಲಿ ಎಳೆಯುತ್ತಿರುವಾಗ ಪ್ರತಿ ಲಗ್‌ನಲ್ಲೂ ಎಷ್ಟು ಮಿಲಿವೋಲ್ಟ್ ಬೀಳುತ್ತಿದೆ ಎಂದು ಒಮ್ಮೆ ಮಲ್ಟಿಮೀಟರಿನಲ್ಲಿ ಅಳೆಸಿ ನೋಡಿ.